ದನಿಯ ವಾರಸುದಾರ

“ಇನ್ನೊಮ್ಮೆ ಹಚ್ರಿ,” ಅಂದಳು ರೋಹಿಣಿ.

ಪ್ರೇಮಕುಮಾರ ಮೌಸ್ ಒತ್ತಿದ. ಇಳಕಲ್ಲಿನ ಆ ಇಕ್ಕಟ್ಟಾದ ರೆಕಾರ್ಡಿಂಗ್ ಸ್ಟುಡಿಯೋದ ಗೋಡೆಗಳಿಗೆಲ್ಲ ಕಂಬಳಿ ಹೊಡೆದಿದ್ದರೂ ಓಣಿಯ ಮಗ್ಗಗಳ ಸದ್ದು ಎಲ್ಲಿಂದಲೋ ಒಳಗೆ ನುಸುಳುತ್ತಿತ್ತು. ರೋಹಿಣಿ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಸತ್ತ ಮನುಷ್ಯ ಹಾಡತೊಡಗಿದ.

‘ಕುರಿಯ ಕಾಯೋ ಕೈಗೆ ಕೋಲೊಂದ ಕೊಟ್ಟೆವ್ವ
ಹೊಳಿ ದಾಟೋ ದಾರಿ ಹೇಳಲಿಲ್ಲ...’

ಎರಡನೆಯ ಸಾಲು ಮುಗಿಯುವ ಹೊತ್ತಿಗೆ ಸಣ್ಣದೊಂದು ಕೆಮ್ಮು. ಹಿಂದೆಯೇ ಎಲ್ಲೋ ದೂರದಲ್ಲಿ ಕುರಿಯ ಕೊರಳ ಗಂಟೆ. ರೋಹಿಣಿ ಕೈ ಎತ್ತಿ ನಿಲ್ಲಿಸಲು ಹೇಳಿದಳು.

“ಈಗ ನಾದಗಿರಿ ಆಡಿಯೋ ಕಂಪನಿಯವರದ್ದು ಹಚ್ರಿ.”

ಕಂಪನಿಯ ಹಾಡಿಗೆ ಕೀಬೋರ್ಡು, ತಾಳ, ಕೋರಸ್ಸು ಎಲ್ಲ ಮೆತ್ತಿದ್ದರು. ಆದರೆ ಅದೇ ಜಾಗದಲ್ಲಿ, ತಾಳದ ಅಡಿಯಲ್ಲಿ ಸಿಕ್ಕಿಕೊಂಡು, ಅದೇ ಕೆಮ್ಮು ಇತ್ತು. ಅದೇ ಗಂಟೆಯೂ ಇತ್ತು.

ಡೊಳ್ಳಿನ ಹಾಡುಗಾರ ಬೀರಲಿಂಗಪ್ಪ ಮಲಪ್ರಭೆಯಲ್ಲಿ ಹೆಣವಾಗಿ ತೇಲಿದ್ದು ಕಾಲು ಜಾರಿ ಬಿದ್ದುದರಿಂದ ಎಂದು ಊರೆಲ್ಲ ನಂಬಿತ್ತು. ಸಬ್‌ಇನ್‌ಸ್ಪೆಕ್ಟರ್ ರೋಹಿಣಿ ಮಾತ್ರ ನಂಬಿರಲಿಲ್ಲ. ಅವನ ಅಂಗಿಯ ಕಿಸೆಯಲ್ಲಿ ಎಲೆ ಅಡಿಕೆಯ ಚೀಲ ನೆನೆದು ಹಾಗೆಯೇ ಇತ್ತು. ಫೋನು ಇರಲಿಲ್ಲ.

“ಮೊದಲ್ನೇ ಅರ್ಧ ಅವನ ಮಗಳು ಲಲಿತಾನ ಫೋನಿನ್ಯಾಗೂ ಐತಿ,” ಅಂದಳು ಅವಳು. “ಸಾಯೋ ದಿನ ಅವರಪ್ಪ ಹೊಳಿದಂಡಿಯಿಂದ ಮಗಳಿಗೆ ಕಳಿಸಿದ್ದ. ‘ಉಳಿದದ್ದು ಮನಿಗೆ ಬಂದು ಕೇಳಿಸ್ತೇನಿ’ ಅಂದಿದ್ದನಂತ. ಆದ್ರ ಕಂಪನಿ ಹಾಡಿನ್ಯಾಗ ಎರಡನೇ ಅರ್ಧಾನೂ ಐತಿ. ಅದು ಎಲ್ಲಿಂದ ಬಂತು?”

ಪ್ರೇಮಕುಮಾರನ ಮುಖ ಕಪ್ಪಿಟ್ಟಿತು. ಮೂವತ್ತರ ಆಸುಪಾಸಿನ ಬಡಕಲು ಮನುಷ್ಯ ಅವನು. “ನನ್ನ ಮ್ಯಾಲೆ ಸಂಶೆ ಬ್ಯಾಡ್ರಿ ಮೇಡಂ. ಬೀರಲಿಂಗಪ್ಪಾರ ಹಳೇ ಹಾಡು ಇಲ್ಲೇ ರೆಕಾರ್ಡ್ ಆದವು, ಅವ್ರ ಮುಂದನ ಕಂಪನಿಗೆ ಕೊಟ್ಟೇನಿ. ಇದನ್ನ ಮಾತ್ರ ನಾ ಈಗ ನಿಮ್ಮ ಕೂಡನ ಕೇಳಾಕತ್ತೇನಿ. ಯಾರು ಹೇಳಿದ್ರು ನಿಮಗ ನನ್ನ ಹೆಸರು?”

ಹೇಳಿದವನು ಲಲಿತಾಳ ಗಂಡ ಮಾಳಪ್ಪ. ಅಪ್ಪನ ಹಾಡು ಹಾಕುತ್ತಿದ್ದ ಲಲಿತಾಳ ವಿಡಿಯೋ ಚಾನೆಲ್ಲನ್ನು ಕಂಪನಿ ಮುಚ್ಚಿಸಿತೆಂದು ಠಾಣೆಗೆ ದೂರು ಕೊಡಲು ತುಂಬು ಬಸುರಿ ಹೆಂಡತಿಯನ್ನು ಮೋಟಾರ್‌ಸೈಕಲ್ಲಿನ ಮೇಲೆ ಮೆಲ್ಲಗೆ ಕೂರಿಸಿಕೊಂಡು ಬಂದವನು ಅವನೇ. ಬಾಗಲಕೋಟೆಯಲ್ಲಿ ಕಂಪ್ಯೂಟರಿನ ಕೆಲಸ. ಮೆತ್ತಗಿನ ಮಾತು. ‘ಇಳಕಲ್ಲಿನ ಸ್ಟುಡಿಯೋದಾಂವನ್ನ ಒಮ್ಮೆ ವಿಚಾರಿಸ್ರಿ ಮೇಡಂ’ ಎಂದಿದ್ದ. ರೋಹಿಣಿ ಅದನ್ನು ಪ್ರೇಮಕುಮಾರನಿಗೆ ಹೇಳಲಿಲ್ಲ.

“ಲಲಿತಾ ತನ್ನಪ್ಪನ ದನಿ ತನ್ನ ಚಾನೆಲ್ಲಿಗೆ ಹಾಕಿದ್ರ ಅದು ಕಳವು ಅಂತ ಮಶೀನ್ ಹೆಂಗ ಹಿಡೀತು?”

“ಹಾಡು ಯಾರ್ದು ಅಂತ ಮಶೀನಿಗೆ ಗೊತ್ತಿರಂಗಿಲ್ರಿ. ಯಾರು ಮೊದ್ಲ ತಂದು ತಮ್ಮದು ಅಂತ ಹೇಳಿದ್ರು, ಅದಷ್ಟ ಗೊತ್ತು.” ಅವನು ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತುತ್ತ ಹೇಳಿದ. “ಮಗಳು ಆಮ್ಯಾಲೆ ಹಾಕಿದ್ಲು. ಹಂಗಾಗಿ ಮಗಳ ಕಳ್ಳಿ.”

*

ಜೀಪು ಹುನಗುಂದ ದಾಟಿದಾಗ ಗಾಳಿ ಎದ್ದಿತ್ತು. ಕರಿ ಹೊಲಗಳ ಮಣ್ಣು ರಸ್ತೆಗೆ ಅಡ್ಡ ಹಾರುತ್ತಿತ್ತು. ಹವಾಲ್ದಾರ ಬಂಡೆಪ್ಪ ಮಧ್ಯಾಹ್ನದಲ್ಲೇ ದೀಪ ಹಚ್ಚಿಕೊಂಡು ಗಾಡಿ ಹೊಡೆಯುತ್ತಿದ್ದ.

ರೋಹಿಣಿಯ ಕಣ್ಣಿಂದ ವಿಚಾರಣೆಗೆ ಹೋಗಿ ನೋಡಿದ ಬೀರಲಿಂಗಪ್ಪನ ಮನೆ ಮರೆಯಾಗಿರಲಿಲ್ಲ. ಐಹೊಳೆಯ ಆಚೆ, ಹೊಳೆಗೆ ಹತ್ತಿರದ ಊರು. ಲಲಿತಾ ಫೋನು ಹಿಡಿದು ತೋರಿಸುತ್ತಿದ್ದಳು. ಮೊದಲು ಒಂದು ಹಾಡಿಗೆ ಎಚ್ಚರಿಕೆ ಬಂತು, ಆಮೇಲೆ ಇನ್ನೊಂದಕ್ಕೆ. ಮೂರನೆಯದು ಈ ಕೊನೆಯ ಹಾಡು. ಅದರೊಂದಿಗೆ ಚಾನೆಲ್ಲೇ ಹೋಯಿತು. ಅಪ್ಪನ ಹಾಡು, ಅಪ್ಪನ ನಗೆ, ಡೊಳ್ಳು ಬಿಗಿಯುತ್ತ ಅವನಾಡಿದ ಪೋಲಿ ಮಾತು, ಎಲ್ಲ ಇದ್ದ ಕಡೆ ಈಗ ಬೂದುಬಣ್ಣದ ಖಾಲಿ ಪರದೆ.

“ನಮ್ಮಪ್ಪ ಎರಡ ಸಲ ಸತ್ತಂಗಾತ್ರಿ,” ಎಂದಿದ್ದಳು ಲಲಿತಾ.

ಬೀರಲಿಂಗಪ್ಪನ ಹೆಂಡತಿ ಸಾವಂತ್ರವ್ವ ಒಲೆಯ ಮುಂದೆ ಕೂತಿದ್ದಳು. ಗಂಡ ಸತ್ತಾಗಿನಿಂದ ಆಕೆ ಒಂದು ಮಾತೂ ಆಡಿರಲಿಲ್ಲ. ಆ ದಿನ ಎಲ್ಲಿದ್ದೆ ಎಂದು ಕೇಳಿದರೆ ಮನೆಯ ನೆಲವನ್ನೇ ತೋರಿಸಿದ್ದಳು. ಇಲ್ಲೇ ಇದ್ದೆ ಎಂಬಂತೆ.

“ಮೇಡಂರೀ, ಅಮೀನಗಡ ಬಂತು,” ಅಂದ ಬಂಡೆಪ್ಪ. “ಧರ್ಮರಾಜ ಸಾಹೇಬ್ರ ಕಾರು ಅಲ್ಲೇ ನಿಂತೈತಿ ನೋಡ್ರಿ.”

ನಾದಗಿರಿ ಆಡಿಯೋ ಕಂಪನಿಗೆ ಈ ಸೀಮೆಯ ಹಾಡು ಹೊಂದಿಸಿ ಕೊಡುವ ಏಜೆಂಟ ಧರ್ಮರಾಜ. ಬಾಗಲಕೋಟೆಯಿಂದ ಹೊರಟಿದ್ದವನನ್ನು ರೋಹಿಣಿಯೇ ಫೋನು ಮಾಡಿ ಅಲ್ಲಿ ನಿಲ್ಲಿಸಿದ್ದಳು, ಲ್ಯಾಪ್‌ಟಾಪು ಜೊತೆಗಿರಲಿ ಎಂದೂ ಹೇಳಿದ್ದಳು.

ಅವನು ಕರದಂಟಿನ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತಿದ್ದ. ಹೊರಗೆ ಬಾಣಲೆಯಲ್ಲಿ ಬೆಲ್ಲ ಕುದಿಯುತ್ತಿತ್ತು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ.

“ಬರ್ರಿ ಮೇಡಂ, ಕುಂದರ್ರಿ. ಕರದಂಟು ತರಿಸ್ಲೇನು?”

“ಬ್ಯಾಡ್ರಿ. ಬೀರಲಿಂಗಪ್ಪನ ಕಡೀ ಹಾಡು ನಿಮಗ ಯಾರು ಕೊಟ್ರು?”

“ಪ್ರೇಮಕುಮಾರ. ಇಳಕಲ್ಲಿನಾಂವ.”

“ಅಲ್ಲ. ನಾ ಅಲ್ಲಿಂದನ ಬಂದೇನಿ.”

ಧರ್ಮರಾಜ ನಕ್ಕ. ಕಣ್ಣು ನಗಲಿಲ್ಲ. “ಯಾರೋ ಮನಿಯವ್ರ ಕಳಿಸಿರಬೇಕ್ರಿ. ದಿನಾ ಎಷ್ಟೋ ಹಾಡು ಬರ್ತಾವ. ನಾ ಹಾಡು ಕೇಳಂಗಿಲ್ಲ. ಎಷ್ಟು ಮಂದಿ ಕೇಳಿದ್ರು ಅನ್ನೋದಷ್ಟ ನೋಡ್ತೇನಿ.”

“ಸತ್ತಾಂವನ ದನಿ ಅವನ ಮಗಳು ಹಾಕಿದ್ರ ಚಾನೆಲ್ ಮುಚ್ಚಿಸ್ತೀರಲ್ಲ, ಅದರಾಗ ನಿಮಗೇನ್ ಲಾಭ?”

“ನೋಡ್ರಿ ಮೇಡಂ.” ಅವನು ಮುಂದಕ್ಕೆ ಬಾಗಿದ. ಇದನ್ನು ಎಷ್ಟೋ ಸಲ ಹೇಳಿ ಸವೆದ ದನಿ ಅದು. “ನಮ್ಮಪ್ಪ ನಾಟಕದ ಕಂಪನ್ಯಾಗ ಹಾರ್ಮೋನಿಯಂ ಪೇಟಿ ಬಾರಸ್ತಿದ್ದ. ಅವನ ಧಾಟಿ ಕದ್ದು ಮಂದಿ ಕ್ಯಾಸೆಟ್ ಮಾಡಿ ಮನಿ ಕಟ್ಟಿದ್ರು, ನಮ್ಮಪ್ಪ ದವಾಖಾನಿ ವರಾಂಡಾದಾಗ ಸತ್ತ. ಆವಾಗ ಕಾಯಾವ್ರ ಯಾರೂ ಇರಲಿಲ್ಲ. ಈಗ ನಾವ್ ಅದೇವಿ. ಯಾವ ದೇಶದಾಗ ಯಾರು ನಮ್ಮ ಹಾಡು ಹಾಕಿದ್ರೂ ಮಶೀನ್ ಹಿಡೀತೈತಿ. ಜಾಹೀರಾತಿನ ರೊಕ್ಕ ನಮ್ಮ ಕಡೆ ತಿರಗತೈತಿ. ಧಾಟಿ ಹೊಂದಿದ್ರೂ ಸಾಕು. ಹೊಸ ಪಿಚ್ಚರ್ ಯಾರರ ಲೈವ್ ಬಿಟ್ರ ಆವಾಗಿಂದಾವಾಗ ಬಂದ್ ಮಾಡಾಕೂ ಗುಂಡಿ ಐತಿ. ಕಾಯದಿದ್ರ ಎಲ್ಲಾರೂ ಕದೀತಾರ.”

“ಲಲಿತಾ ತಕರಾರು ಹಾಕಿದ್ಲಲ್ಲ. ಅದಕ್ಕ ಯಾರು ನ್ಯಾಯ ಹೇಳಿದ್ರು?”

“ತಕರಾರು ಮೊದ್ಲ ನಮ್ಮ ಕಡೆನ ಬರತೈತ್ರಿ.”

“ನೀವ ಕ್ಲೇಮ್ ಹಾಕಾವ್ರು, ನೀವ ಪಂಚರು?”

ಹೊರಗೆ ಬಸ್ಸು ಬಂದು ನಿಂತಿತು, ಇಳಿದ ಮಂದಿ ಅಂಗಡಿಯನ್ನು ಮುತ್ತಿದರು. ಅವನ ಅಪ್ಪನ ಕಥೆ ಸುಳ್ಳಿರಲಾರದು ಎಂದು ರೋಹಿಣಿಗೆ ಅನ್ನಿಸಿತು. ಅದೇ ಹೆಚ್ಚು ಬೇಸರ ತಂದಿತು. ಗಾಯ ಆದವನೇ ಚೂರಿ ಹಿಡಿದು ಕೂತಿದ್ದ.

“ಮ್ಯೂಸಿಕ್ ಹಾಕೋಕಿಂತ ಮೊದ್ಲ ಬಂದ ಮೂಲ ರೆಕಾರ್ಡಿಂಗ್ ನಿಮ್ಮ ಕಡೆ ಇರತೈತಿ,” ಅಂದಳು. “ಕೇಳಿಸ್ರಿ.”

“ಅದು ಕಂಪನಿ ಆಸ್ತಿರಿ. ಹೆಡ್ ಆಫೀಸಿಗೆ ಕೇಳಿ...”

“ಧರ್ಮರಾಜ ಅವರ, ಆ ಹಾಡಿನ ಎರಡನೇ ಅರ್ಧ ಇದ್ದದ್ದು ಒಂದ ಫೋನಿನ್ಯಾಗ. ಆ ಫೋನ್ ಇದ್ದದ್ದು ಸತ್ತಾಂವನ ಹತ್ರ. ಈಗ ಅದು ನಿಮ್ಮ ಹತ್ರ ಐತಿ. ಇದನ್ನ ನಾ ಜೀಪಿನ್ಯಾಗ ಕುಂದ್ರಿಸಿಕೊಂಡು ಕೇಳ್ಲೋ, ಇಲ್ಲೇ ಕೇಳ್ಲೋ?”

ವಿಭೂತಿಯ ಕೆಳಗೆ ಬೆವರು ಒಡೆಯಿತು. ಅವನು ಲ್ಯಾಪ್‌ಟಾಪು ತೆರೆದ.

*

ವಾದ್ಯಗಳಿಲ್ಲದೆ ಆ ದನಿ ಬೇರೆಯೇ ಇತ್ತು. ಬಯಲು, ಗಾಳಿ, ನೀರಿನ ಸದ್ದು. ಬೀರಲಿಂಗಪ್ಪ ನಡುವೆ ಉಸಿರು ತೆಗೆದುಕೊಳ್ಳುವುದೂ ಕೇಳುತ್ತಿತ್ತು. ಕೊನೆಯ ನುಡಿಯಲ್ಲಿ, ಹಾಡು ಕಟ್ಟಿದವರ ಹೆಸರು ಬರುವ ಜಾಗದಲ್ಲಿ, ಅವನು ದನಿ ಏರಿಸಿದ.

‘ಹೊಳಿದಂಡಿ ಊರಾಗ ಬೀರಲಿಂಗ ಕಟ್ಟ್ಯಾನ
ಕೇಳಿದ ಮಂದಿಗಿ ತಿಳಿ ಹೇಳಿ...’

ಹಾಡು ನಿಂತಿತು. ಕಂಪನಿಯವರು ಕತ್ತರಿಸಿದ್ದು ಅಲ್ಲಿಗೆ. ಮೂಲದಲ್ಲಿ ಮಾತ್ರ ರೆಕಾರ್ಡಿಂಗು ಮುಂದುವರಿಯಿತು.

“ಹೆಂಗಾತು?” ಎಂದು ಕೇಳಿದ ಮುದುಕ.

“ಕಡೀ ನುಡಿ ಹಂಗಲ್ಲ.”

ಹೆಂಗಸಿನ ದನಿ. ತೀರ ಹತ್ತಿರದಿಂದ. ಹಾಡಿದವನ ದನಿಗಿಂತ ಹತ್ತಿರದಿಂದ. ಫೋನು ಆಕೆಯ ಕೈಯಲ್ಲಿತ್ತು ಎಂಬುದು ರೋಹಿಣಿಗೆ ಹೊಳೆಯಿತು.

“ನಾ ಕಟ್ಟಿದ್ದು ಹಂಗಲ್ಲ,” ಅಂದಳು ಆ ಹೆಂಗಸು. ಮತ್ತೆ ಒಡಕು ಗಂಟಲಿನಲ್ಲಿ, ಯಾರಿಗೂ ಕೇಳಿಸಲು ಅಲ್ಲವೆಂಬಂತೆ, ಹಾಡಿದಳು.

‘ಒಲಿಮುಂದ ಕುಂತಾಕಿ ಕಟ್ಟ್ಯಾಳ ಈ ಪದ
ಹೆಸರ ಕೇಳಿದರ ಹೊಗಿ ಹೇಳಿ...’

“ಸಾವಂತ್ರಿ, ಹೆಣಮಗಳ ಹೆಸರು ಹಾಡಿನ್ಯಾಗ ಹಾಕಿದ್ರ ಮಂದಿ ನಗ್ತಾರ,” ಅಂದ ಮುದುಕ. ಸ್ವಲ್ಪ ತಡೆದು, “ಆತು, ಹಾಕೋಣಂತ. ನಾ ಸಾಯೋದ್ರೊಳಗ ಒಮ್ಮೆ ಹಾಕೇ ಬಿಡೋಣ,” ಎಂದು ನಕ್ಕ. ಆ ನಗೆಯಲ್ಲಿ ಸೋತವನ ಪ್ರೀತಿ ಇತ್ತು.

ಆಗ ಮೋಟಾರ್‌ಸೈಕಲ್ಲಿನ ಸದ್ದು. ಹತ್ತಿರ ಬಂದು ನಿಂತಿತು. ಬಳೆಗಳು ಗಲಗಲ ಎಂದವು, ಆಕೆ ಅವಸರದಲ್ಲಿ ತಲೆಯ ಮೇಲೆ ಸೆರಗೆಳೆದುಕೊಂಡ ಹಾಗೆ.

“ಬರ್ರಿ, ಬರ್ರಿ,” ಅಂದ ಬೀರಲಿಂಗಪ್ಪ. “ಇಲ್ಲೀ ಮಟಾ ಯಾಕ ಬರಾಕ ಹೋದ್ರಿ?”

ರೆಕಾರ್ಡಿಂಗು ಮುಗಿಯಿತು.

ಹಾಗಾದರೆ ಸಾವಂತ್ರವ್ವ ಮನೆಯಲ್ಲಿರಲಿಲ್ಲ, ಹೊಳೆಯ ದಂಡೆಯಲ್ಲಿದ್ದಳು. ಊರೂರು ತಿರುಗಿ ಗಂಡ ಹಾಡಿದ ಪದಗಳು ಆಕೆಯವು. ಕೊಂದವನನ್ನು ಆಕೆ ಕಣ್ಣಾರೆ ನೋಡಿದ್ದಾಳೆ. ನೋಡಿಯೂ ಬಾಯಿ ಬಿಟ್ಟಿಲ್ಲ. ಅಂಥವನು ಯಾರು?

ಬೀರಲಿಂಗಪ್ಪನ ಹಳೆಯ ವಿಡಿಯೋಗಳು ರೋಹಿಣಿಯ ನೆನಪಿನಲ್ಲಿದ್ದವು. ಸನ್ಮಾನ ಮಾಡಲು ಬಂದ ದೊಡ್ಡ ಸಾಹೇಬರನ್ನೂ ‘ಬಾರೋ ನೀ’ ಎಂದು ಕರೆಯುತ್ತಿದ್ದ ಮನುಷ್ಯ. ಕುಲದೇವರು ಬೀರಪ್ಪನ ಮುಂದೆ ಎಲ್ಲರೂ ‘ನೀನೇ’ ಎನ್ನುತ್ತಿದ್ದ. ಅಂಥವನು ‘ಬರ್ರಿ’ ಎಂದ.

“ಆ ‘ಬರ್ರಿ’ ಅಂದದ್ದು ನಿಮಗ,” ಎಂದಳು ಅವಳು ಧರ್ಮರಾಜನ ಕಣ್ಣಿಗೆ ಕಣ್ಣಿಟ್ಟು. “ಕಂಪನಿ ಸಾಹೇಬ್ರು. ಹಾಡಿನ ಹಕ್ಕು ಬರಕೊಡು ಅನ್ನಾಕ ಹೋಗಿದ್ರಿ. ಅಂವ ಒಲ್ಲೆ ಅಂದ.”

“ನನಗಾ?” ಧರ್ಮರಾಜ ಎದ್ದೇ ನಿಂತ. “ಆ ಮುದುಕ ನನಗ ನಾಕು ಮಂದಿ ಮುಂದ ‘ಏ ಧರ್ಮ್ಯಾ’ ಅಂತಿದ್ದ ಮೇಡಂ! ಇಡೀ ಬಾಗಲಕೋಟಿ ಕೇಳ್ರಿ ಬೇಕಾದ್ರ. ಬಸವಣ್ಣನ ಆಣಿ, ನಾ ಆ ಹೊಳಿದಂಡಿ ನೋಡಿಲ್ಲ. ಇದನ್ನ ಕಡೀ ಮಟಾ ಕೇಳೂ ಇಲ್ಲ. ಕೇಳಿದ್ರ ಇಟಗೊಂಡ್ ಕೂಡ್ತಿದ್ನ್ಯಾ?”

ಕೊನೆಯ ಮಾತು ಖರೆ ಅನ್ನಿಸಿತು. ಅಷ್ಟರಲ್ಲಿ ರೋಹಿಣಿಯ ಫೋನು ರಿಂಗಾಯಿತು. ಗೊತ್ತಿಲ್ಲದ ನಂಬರು.

“ಮೇಡಂ, ನಾ ಲಲಿತಾ.” ಏದುಸಿರು. “ಮಗ್ಗಲ ಮನಿ ಜೈನಬಿ ಅಕ್ಕನ ಫೋನ್ಲೆ ಮಾಡಾಕತ್ತೇನಿ. ಅವ್ವ ನನ್ನ ಫೋನ್ ತಗೊಂಡು ಎಲ್ಲಿ ಹೋದ್ಲೋ ಗೊತ್ತಿಲ್ರಿ. ಈಗ ನನ್ನ ಇನ್ನೊಂದು ಅಕೌಂಟಿನಿಂದ ಲೈವ್ ಬಂದಾಳ. ಹಾಡಾಕತ್ಯಾಳ ಮೇಡಂ! ನಮ್ಮವ್ವ ಹಾಡಾಕತ್ಯಾಳ!”

“ಲೈವ್ ಹಚ್ಚಾಕ ಅವರಿಗೆ ಬರತೈತೇನು?”

“ಅಪ್ಪನ ಹಾಡೆಲ್ಲಾ ಫೋನ್ ಹಿಡದು ತಗದಾಕಿ ಅವ್ವನರಿ. ನಮ್ಮ ಮನಿಯವ್ರಿಗೂ ಫೋನ್ ಮಾಡಿ ಹೇಳೇನಿ, ಹುಡುಕಾಕ ಹೊಂಟಾರಂತ.”

ಲಿಂಕು ಬಂತು. ರೋಹಿಣಿ ಒತ್ತಿದಳು. ಧರ್ಮರಾಜನೂ ಬಾಗಿ ನೋಡಿದ.

ಕಲ್ಲಿಗೆ ಆನಿಸಿ ಇಟ್ಟ ಫೋನಿನ ಮುಂದೆ ಸಾವಂತ್ರವ್ವ ನೆಲದ ಮೇಲೆ ಕೂತಿದ್ದಳು. ಬೋಳು ಹಣೆ, ತಲೆಯ ಮೇಲೆ ಸೆರಗು. ಹಿಂದೆ ಮಬ್ಬು ಬಾನು, ಮಣ್ಣಿನ ಬಣ್ಣದ ನೀರು. ಬರಿಗೈಯಿಂದ ತೊಡೆ ತಟ್ಟುತ್ತ, ಯಾರನ್ನೂ ನೋಡದೆ ಹಾಡುತ್ತಿದ್ದಳು. ನೋಡುವವರ ಸಂಖ್ಯೆ ಏರುತ್ತಲೇ ಇತ್ತು.

‘ಗಾಡಿಯ ಹತ್ತ್ಯಾನ ನಗುನಗುತ ಬಂದಾನ
ದನಿಯ ಮಾರೆಂದು ಕೇಳ್ಯಾನ
ಮಾರಲಾರೆನಂದರ ಮಾತಿಗಿ ಮಾತಾಗಿ
ಕಲ್ಲಿಂದ ಹೊಳಿಗಿ ನೂಕ್ಯಾನ...’

ಬಾಗಿಲಲ್ಲಿ ಬಂದು ನಿಂತಿದ್ದ ಬಂಡೆಪ್ಪ ಟೋಪಿ ತೆಗೆದ. “ಸಾವಿನ ಸುದ್ದಿನ ಪದಾ ಮಾಡ್ಯಾಳ ಮುದುಕಿ,” ಅಂದ ಮೆಲ್ಲಗೆ.

ಸಾವಂತ್ರವ್ವ ಒಂದು ಗಳಿಗೆ ನಿಲ್ಲಿಸಿದಳು. ಗಂಟಲು ಸರಿಮಾಡಿಕೊಂಡಳು. ಕಣ್ಣಿಂದ ನೀರಿಳಿದು ಗದ್ದದ ಮೇಲೆ ನಿಂತಿತ್ತು, ಒರೆಸಿಕೊಳ್ಳಲಿಲ್ಲ.

“ಮಗಳ, ಲಲಿತಾ,” ಅಂದಳು ಫೋನಿಗೆ. “ನಿನ್ನ ಹೊಟ್ಟಿ ನೋಡಿ ಇಷ್ಟ ದಿನಾ ಬಾಯಿ ಹೊಲಕೊಂಡಿದ್ನಿ. ನಿಮ್ಮಪ್ಪನ ದನಿನೂ ಅಳಿಸಿ ಹಾಕಿದಮ್ಯಾಲೆ ಇನ್ನ ತಡಿಯಾಕ ಆಗವಲ್ದು. ಕಡೀ ನುಡ್ಯಾಗ ಹೆಸರು ಹೇಳಬೇಕು. ಹೇಳ್ತೇನಿ.”

ಉಸಿರೆಳೆದಳು. ಬಾಯಿ ತೆರೆದಳು.

ಪರದೆ ಬೂದಾಯಿತು.

‘ಈ ಹಾಡಿನ ಹಕ್ಕುಗಳು ನಾದಗಿರಿ ಆಡಿಯೋ ಅವರಿಗೆ ಸೇರಿವೆ.’

“ತಗೀರಿ ಇದನ್ನ!” ರೋಹಿಣಿ ಕೂಗಿದ ಕೂಗಿಗೆ ಹೊರಗೆ ಬೆಲ್ಲ ತಿರುವುತ್ತಿದ್ದವನ ಕೈ ನಿಂತಿತು. “ಈಗಿಂದೀಗ ತಗೀರಿ!”

“ನಾ ಅಲ್ರಿ, ಮಶೀನ್! ಧಾಟಿ ಹಿಡದಿರಬೇಕು...” ಧರ್ಮರಾಜ ಲ್ಯಾಪ್‌ಟಾಪು ತಟ್ಟಿದ. ಪರದೆಯ ಮೇಲೆ ಕಣ್ಣಾಡಿಸಿದ. ಮತ್ತೊಮ್ಮೆ ನೋಡಿದ.

“ಏನು?”

“ಮಶೀನ್ ಅಲ್ರಿ ಇದು. ಯಾರೋ ಕೈಲೆ ಬಂದ್ ಮಾಡ್ಯಾರ. ನನ್ನ ಐಡಿಯಿಂದನ.”

ಅವನ ಎರಡೂ ಕೈ ಅವಳ ಕಣ್ಣೆದುರೇ ಇದ್ದವು.

“ನಿಮ್ಮ ಪಾಸ್‌ವರ್ಡ್ ಇನ್ನ ಯಾರ ಹತ್ರ ಐತಿ?”

“ಈ ಕ್ಲೇಮ್ ಹಾಕೋ ಕೆಲಸ ನಾ ಮಾಡಂಗಿಲ್ರಿ. ಬಾಗಲಕೋಟ್ಯಾಗ ಒಬ್ಬಾಂವಗ ವಹಿಸೇನಿ. ಹಾಡು ತರಾಂವನೂ ಅವನ, ಕ್ಲೇಮ್ ಹಾಕಾಂವನೂ ಅವನ. ಬಂದದ್ರಾಗ ಅವನಿಗೆ ಪಾಲು. ಆ ಕಡೀ ಹಾಡೂ ಅವನ ತಂದು ಕೊಟ್ಟ. ‘ನಮ್ಮನಿ ಹಾಡು’ ಅಂದ. ಮನಿಮಂದಿ ಅಂದಮ್ಯಾಲೆ ನಾ ಯಾಕ ಕೇಳ್ಲಿ?” ಧರ್ಮರಾಜ ತಲೆ ಎತ್ತಲಿಲ್ಲ. “ಬೀರಲಿಂಗಪ್ಪನ ಅಳಿಯ. ಮಾಳಪ್ಪ.”

ಅಳಿಯ. ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುವುದು ಅವನೆದುರಿಗೆ. ಎಂಥ ಒರಟು ಮುದುಕನಾದರೂ ‘ಬರ್ರಿ’ ಅನ್ನುವುದು ಮಗಳ ಗಂಡನಿಗೆ. ಆ ದಿನ ಅತ್ತೆಯ ಕೈಯ ಫೋನು ಕಿತ್ತೊಯ್ದವನೂ ಅವನೇ.

“ಬಂಡೆಪ್ಪ, ಗಾಡಿ ತಗಿ! ಐಹೊಳಿ ರಸ್ತೆ!”

ಓಡುತ್ತಲೇ ಅವಳು ಮಾಳಪ್ಪನ ನಂಬರು ಒತ್ತಿದಳು. ಎತ್ತಲಾರ ಅಂದುಕೊಂಡಿದ್ದಳು. ಮೊದಲ ರಿಂಗಿಗೇ ಎತ್ತಿದ. ಗಾಳಿಯ ಸದ್ದು, ಅದರ ಹಿಂದೆ ಮೋಟಾರ್‌ಸೈಕಲ್ಲಿನ ಎಂಜಿನ್ನು.

“ನಮಸ್ಕಾರ್ರಿ ಮೇಡಂ.” ಅದೇ ಮೆತ್ತಗಿನ ದನಿ. “ಲಲಿತಾ ಭಾಳ ಗಾಬರಿ ಆಗ್ಯಾಳ, ಅಕಿಗೆ ಸಮಾಧಾನ ಹೇಳ್ರಿ. ನೀವೇನು ಇಷ್ಟ ದೂರ ಬರೋದು ಬ್ಯಾಡ. ಅತ್ತಿ ಎಲ್ಲಿ ಕುಂತಾಳ ಅಂತ ನನಗ ಗೊತ್ತೈತಿ.”

ಎಂಜಿನ್ನು ನಿಂತಿತು. ಈಗ ನೀರಿನ ಸದ್ದು ಸ್ಪಷ್ಟವಾಗಿ ಕೇಳಿತು.

“ಅಗಾ, ಕಂಡ್ಲು ನೋಡ್ರಿ,” ಅಂದ ಅವನು, ಮತ್ತು ಫೋನು ಇಟ್ಟ.